ಡೀಸೆಲಣ್ಣನ ಮೂಗು

ಪ್ರಯಾಣಿಕರ ದೋಣಿಯಲ್ಲಿ ಇಪ್ಪತ್ತೆಂಟು ವರ್ಷ ಚುಕ್ಕಾಣಿ ಹಿಡಿದವನಿಗೆ ಎಲ್ಲರೂ ಇಟ್ಟ ಹೆಸರು ಡೀಸೆಲಣ್ಣ. ಅವನು ಬೀದಿಯ ತಿರುವಿಗೆ ಬರುವಷ್ಟರಲ್ಲೇ ಅವನ ವಾಸನೆ ಮನೆ ಸೇರಿರುತ್ತಿತ್ತು. ಬಾಗಿಲು ತಟ್ಟುವ ಕೆಲಸವೇ ಇರಲಿಲ್ಲ; ಹೆಂಡತಿ ಮೂಗು ಮುಚ್ಚಿಕೊಂಡು ಮೊದಲೇ ತೆಗೆದಿರುತ್ತಿದ್ದಳು.

ಈಗ ದೋಣಿಗಳಿಗೆಲ್ಲ ಗ್ಯಾಸ್ ಎಂಜಿನ್ ಬಂತು. ಬರಲಿ, ಅದನ್ನೂ ನಾಲ್ಕು ದಿನದಲ್ಲಿ ಪಳಗಿಸಿಕೊಂಡ. ಎಡವಟ್ಟಾದದ್ದು ಮೂಗಿನ ಪರೀಕ್ಷೆಯಲ್ಲಿ. ಅಲ್ಲ ಸ್ವಾಮಿ, ಚುಕ್ಕಾಣಿ ಹಿಡಿಯುವುದು ಕೈಯೋ ಮೂಗೋ? ತನಿಖಾಧಿಕಾರಿ ಮಾತ್ರ ಪಟ್ಟು ಬಿಡಲಿಲ್ಲ.

"ಅಲಾರಂ ಕೆಟ್ರೆ, ಗ್ಯಾಸ್ ಸೋರ್ತಿರೋದು ನಿಮ್ಮ ಮೂಗಿಗೇ ಗೊತ್ತಾಗ್ಬೇಕು. ಗೊತ್ತಾಗದವ್ರಿಗೆ ದೋಣಿ ಇಲ್ಲ."

ಸಾಲಿನಲ್ಲಿ ಮುಂದಿದ್ದವನು ಗ್ಯಾಸ್ ವಾಸನೆಯ ಬಾಟಲಿ ಮೂಸಿ, "ಕೊಳೆತ ಮೊಟ್ಟೆ" ಎಂದು ಮುಖ ಕಿವುಚಿದ. ಡೀಸೆಲಣ್ಣನೂ ಮೂಸಿದ. ಏನೂ ಇಲ್ಲ, ನೀರು ಮೂಸಿದ ಹಾಗೆ! ಆದರೂ ಮುಖ ಕಿವುಚಿ, "ಥೂ, ಕೊಳೆತ ಮೊಟ್ಟೆ ಸಾರ್!" ಎಂದ. ಪಾಸಾದ.

ಆಮೇಲೆ ಶುರುವಾಯಿತು ನೋಡಿ ಪೀಕಲಾಟ. ಕೂತಲ್ಲಿ ಕೂರಲಾರ, ನಿಂತಲ್ಲಿ ನಿಲ್ಲಲಾರ. ಪ್ರತಿ ಜೆಟ್ಟಿಯಲ್ಲೂ ಎಂಜಿನ್ ನಿಲ್ಲಿಸಿ, ಪೈಪಿಗೆ ಸೋಪಿನ ನೊರೆ ಹಚ್ಚಿ, ಗುಳ್ಳೆ ಏಳುತ್ತದೋ ಎಂದು ಬಗ್ಗಿ ನೋಡುವನು. ದಿನಾ ಬರುವ ಅಜ್ಜಿಯೊಬ್ಬಳು, "ನಿನ್ನ ಅಂಗೀಲಿ ಒಂಚೂರು ಡೀಸೆಲ್ ನಾತ ಉಳಿದಿದ್ರೂ, ಈಗ ನಿನ್ನ ದೋಣೀಲಿ ನೆಮ್ಮದಿಯಾಗಿ ಉಸಿರಾಡ್ಬಹುದಪ್ಪ," ಎಂದಾಗ ಅವನು ಮತ್ತೆ ಸೋಪಿನ ನೊರೆ ಕಲಸಿದ.

ನಾಲ್ಕನೇ ದಿನ ಮಧ್ಯಾಹ್ನ ಊಟಕ್ಕೆ ಬಂದವನು ಅಡುಗೆಮನೆಯಲ್ಲೇ ಕೂತು, ಬೀಡಿ ತುಟಿಗಿಟ್ಟು ಕಡ್ಡಿಪೆಟ್ಟಿಗೆ ತೆಗೆದ. ಹಿತ್ತಲಿಂದ ಓಡಿಬಂದ ಹೆಂಡತಿ ಫಟಾರನೆ ಅವನ ಕೈಗೆ ಹೊಡೆದಳು.

"ರೀ! ಹಾಲುಕ್ಕಿ ಒಲೆ ಆರಿ ಎಷ್ಟೊತ್ತಾಯ್ತೋ! ಗ್ಯಾಸು ಹಿತ್ತಲ ತನಕ ಗಬ್ಬು ನಾರ್ತಿದೆ. ಪಕ್ಕದಲ್ಲೇ ಕೂತಿದೀರಲ್ಲ, ಮೂಗೇನು ದೋಣೀಲೇ ಬಿಟ್ಟು ಬಂದ್ರಾ?"

ಅವಳು ಒಲೆಯ ತಿರುಪು ಮುಚ್ಚಿ ಕಿಟಕಿಗಳನ್ನೆಲ್ಲ ತೆರೆದಳು. ಅವನು ನೆಲಕ್ಕೆ ಬಿದ್ದ ಕಡ್ಡಿಗಳನ್ನೇ ನೋಡುತ್ತಿದ್ದ. ಮನೆಯಲ್ಲಿ ಇರುವವರು ಇಬ್ಬರು. ದೋಣಿಯಲ್ಲಿ ನಲವತ್ತು ಜನ.

ಊಟ ಮಾಡದೆ ಎದ್ದು ಹೋಗಿ, ತನಿಖಾಧಿಕಾರಿಯ ಮೇಜಿನ ಮೇಲೆ ಎಂಜಿನ್ನಿನ ಕೀಲಿಕೈ ಇಟ್ಟ.

"ಅವತ್ತು ಸುಳ್ಳು ಹೇಳ್ದೆ ಸಾರ್. ನಂಗೆ ವಾಸನೆ ಗೊತ್ತಾಗಲ್ಲ. ಎಷ್ಟು ವರ್ಷದಿಂದಾನೋ, ಅದೂ ಗೊತ್ತಿಲ್ಲ."

ಮರಳಿ ಬಂದಾಗ ಮನೆಯ ಬಾಗಿಲು ಮುಚ್ಚಿತ್ತು. ತಟ್ಟಿದ.

"ಯಾರದು?" ಎಂದಳು ಹೆಂಡತಿ ಒಳಗಿನಿಂದ.

ಮದುವೆಯಾದಾಗಿನಿಂದ ಅವಳು ಹಾಗೆ ಕೇಳಿದ್ದೇ ಇಲ್ಲ.

"ನಾನು ಕಣೇ," ಎಂದವನಿಗೆ ಅಳು ಬಂತು.