ಒಂದು ಗಂಟೆಯ ಹೊಸ್ತಿಲು

ನಲವತ್ತು ದಾಟಿದ ಮೇಲೆ ಮತ್ತೆ ಕಾಲೇಜು ಸೇರುತ್ತೇನೆ ಎಂದಾಗ ಮನೆಯಲ್ಲಿ ಯಾರೂ ನಗಲಿಲ್ಲ. ನಕ್ಕಿದ್ದರೆ ಒಂದು ಜಗಳ ಮಾಡಿ ಹಗುರಾಗುತ್ತಿದ್ದೆ. ಕಾರ್ಖಾನೆಯ ಶಿಫ್ಟಿಗೆ ಹೊರಟಿದ್ದ ಗಂಡ ಬೂಟಿನ ದಾರ ಬಿಗಿಯುತ್ತ, "ಓದು, ಯಾರ್ ಬ್ಯಾಡ ಅಂದಾರ" ಎಂದರು. ಹಾಸ್ಟೆಲಿನಲ್ಲಿರುವ ಮಗಳು ತನ್ನ ಹಳೆಯ ಲ್ಯಾಪ್‌ಟಾಪನ್ನು ನನಗೆ ಬಿಟ್ಟುಕೊಟ್ಟಳು. ಓದಬೇಕೆಂದುಕೊಂಡದ್ದು ವರ್ತನಾ ಮನೋವಿಜ್ಞಾನ, ಅದೂ ಆನ್‌ಲೈನಿನಲ್ಲಿ. ಹೊಸಪೇಟೆಯ ಒಂದು ಶಾಲೆಯಲ್ಲಿ ಯುಕೆಜಿ ಮಕ್ಕಳಿಗೆ ಅಕ್ಷರ ತಿದ್ದಿಸುವವಳು ನಾನು. ಕಚ್ಚುವ ಮಕ್ಕಳು, ಕಾರಣವಿಲ್ಲದೆ ಬೆಂಚಿನ ಕೆಳಗೆ ಸೇರಿಕೊಳ್ಳುವ ಮಕ್ಕಳು ಎಲ್ಲರೂ ನನ್ನ ಪಾಲಿಗೇ ಬರುತ್ತಾರೆ. ಅವರಿಗಾಗಿ ಓದುತ್ತೇನೆ ಎಂದು ಕೇಳಿದವರಿಗೆಲ್ಲ ಹೇಳಿದೆ. ಅದು ಸುಳ್ಳಲ್ಲ. ಆದರೆ ಓದಲೇಬೇಕೆಂಬ ಹಟ ಹುಟ್ಟಿಸಿದವಳು ನಮ್ಮವ್ವ.

ಅವ್ವ ನನ್ನ ಜೊತೆ ಮಹಡಿಯ ಬಾಡಿಗೆ ಮನೆಯಲ್ಲಿದ್ದಾಳೆ. ಮಧ್ಯಾಹ್ನ ಒಂದು ಗಂಟೆ ಸಮೀಪಿಸಿತೆಂದರೆ ಅವಳು ಒಲೆ ಆರಿಸುತ್ತಾಳೆ. ಹಲಗೆಯ ಮೇಲಿನ ಪಾತ್ರೆಗಳನ್ನೆಲ್ಲ ಒಂದೊಂದಾಗಿ ನೆಲಕ್ಕಿಳಿಸುತ್ತಾಳೆ. ಆಮೇಲೆ ಮನೆಯಲ್ಲಿ ಯಾರೇ ಇರಲಿ, ರಟ್ಟೆ ಹಿಡಿದು ಎಳೆತಂದು ನಡುಮನೆಯ ಬಾಗಿಲ ಚೌಕಟ್ಟಿನ ಕೆಳಗೆ ನಿಲ್ಲಿಸಿ, ತಾನೂ ನಿಲ್ಲುತ್ತಾಳೆ. ಗ್ಯಾಸ್ ಸಿಲಿಂಡರ್ ತಂದವನನ್ನೂ ಒಮ್ಮೆ ಹೀಗೆ ನಿಲ್ಲಿಸಿಕೊಂಡಿದ್ದಳು. ಆ ಪುಣ್ಯಾತ್ಮ ಏನೂ ಕೇಳದೆ ನಿಂತ.

ಇದು ಸಂಡೂರಿನ ಗುಡ್ಡದ ಪಕ್ಕದ ನಮ್ಮೂರಿನ ರೂಢಿ. ಗಣಿಯಲ್ಲಿ ದಿನಾ ಮಧ್ಯಾಹ್ನ ಬಂಡೆ ಸಿಡಿಸುತ್ತಿದ್ದರು. ಅದಕ್ಕೆ ಮೊದಲು ಸೈರನ್ ಕೂಗುತ್ತಿತ್ತು. ಕೂಗಿದ್ದೇ ತಡ, ಊರಿನ ಹೆಂಗಸರು ಪಾತ್ರೆ ಇಳಿಸಿ, ತೊಟ್ಟಿಲಿನ ಕೂಸನ್ನು ಎತ್ತಿಕೊಂಡು ಬಾಗಿಲ ಚೌಕಟ್ಟಿನ ಕೆಳಗೆ ಬರುತ್ತಿದ್ದರು. ಗೋಡೆ ಬಿದ್ದರೂ ಚೌಕಟ್ಟು ನಿಲ್ಲುತ್ತದೆ ಎಂಬ ನಂಬಿಕೆ. ಹೊಸ್ತಿಲ ಮೇಲೆ ನಿಲ್ಲಬಾರದು, ಲಕ್ಷ್ಮಿ ಇರುವ ಜಾಗ ಎಂದು ಬೈಯುವ ನಮ್ಮಜ್ಜಿಯೂ ಆ ಹೊತ್ತಿಗೆ ಬಾಯಿ ಮುಚ್ಚಿಕೊಂಡು ಅಲ್ಲೇ ನಿಲ್ಲುತ್ತಿದ್ದಳು. ಮಕ್ಕಳು ಮಾತ್ರ ಬಾಯಿ ತೆರೆದಿರಬೇಕಿತ್ತು, ಇಲ್ಲವಾದರೆ ಕಿವಿ ಒಡೆಯುತ್ತದಂತೆ. ನಾನೂ ತಮ್ಮನೂ ಅವ್ವನ ಎಡಬಲಕ್ಕೆ ಬಾಯಿ ತೆರೆದು ನಿಂತಿರುತ್ತಿದ್ದೆವು. ನಮ್ಮ ಮನೆಯ ಮೇಲೆ ಒಂದು ಕಲ್ಲೂ ಬೀಳಲಿಲ್ಲ. ಗೋಡೆ ಬಿರುಕು ಬಿಟ್ಟಿತು, ಅಷ್ಟೇ.

ಆ ಗಣಿ ನಿಂತಮೇಲೆ ನಾವು ಹೊಸಪೇಟೆಗೆ ಬಂದೆವು. ಇಲ್ಲಿ ಅವ್ವ ಸೈರನ್ನಿನ ಮಾತನ್ನೇ ಎತ್ತಿರಲಿಲ್ಲ. ಎಷ್ಟೋ ವರ್ಷಗಳ ಮೇಲೆ, ಒಂದು ದಿನ ಬೆಳಿಗ್ಗೆ ನೆಂಟರ ಮನೆಗೆಂದು ಗಾಡಿ ಹತ್ತಿದ ಅಪ್ಪ ಮರಿಯಮ್ಮನಹಳ್ಳಿ ರಸ್ತೆಯಲ್ಲಿ ಲಾರಿಗೆ ಸಿಕ್ಕ. ಕರ್ಮವೆಲ್ಲ ಮುಗಿದು ನೆಂಟರು ಹೊರಟುಹೋದ ಮಾರನೆಯ ದಿನವೇ ಅವ್ವ ಪಾತ್ರೆಗಳನ್ನು ನೆಲಕ್ಕಿಳಿಸಿದಳು. ಇಳಿಸಿ ತೊಳೆಯುತ್ತಾಳೇನೋ ಎಂದುಕೊಂಡೆ. ಆಮೇಲೆ ಅವಳ ಕೈ ನನ್ನ ರಟ್ಟೆಗೆ ಬಿತ್ತು.

ಊರಲ್ಲಿ ಅದು ಸ್ವಲ್ಪ ಹೊತ್ತಿನ ಕೆಲಸ. ಇಲ್ಲಿ ಅವ್ವ ಮೂರು ಗಂಟೆಯಾದರೂ ಕದಲುವುದಿಲ್ಲ. ಉಣ್ಣುವುದಿಲ್ಲ, ಕುಳಿತುಕೊಳ್ಳುವುದಿಲ್ಲ. ಕಾಲು ಬಾತು ಕುಂಬಳಕಾಯಿಯಾದರೂ ಕೇಳುವುದಿಲ್ಲ. ನಾವು ಕೈ ಬಿಡಿಸಿಕೊಂಡು ಹೋದರೆ ಒಬ್ಬಳೇ ನಿಂತಿರುತ್ತಾಳೆ. ಒಂದು ಸಲ ತಲೆ ಸುತ್ತಿ ಬಿದ್ದು ಹಣೆ ಒಡೆದುಕೊಂಡಳು. ಅದನ್ನು ಕೇಳಿ ಕಂಪ್ಲಿಯಲ್ಲಿ ಗದ್ದೆ ಮಾಡಿಕೊಂಡಿರುವ ತಮ್ಮ ಫೋನು ಮಾಡಿದ.

"ಅಕ್ಕಾ, ಇನ್ನ ತಡಿಯಾಕ ಆಗಂಗಿಲ್ಲ. ಡಾಕ್ಟರ್ ಹತ್ರ ಮಾತಾಡೀನಿ. ಮಧ್ಯಾಹ್ನ ನಿದ್ದಿ ಬರೂ ಗುಳಿಗಿ ಕೊಡ್ತಾರಂತ."

ಅಂಥ ಗುಳಿಗೆ ನುಂಗಿದ ನಮ್ಮ ದೊಡ್ಡಮ್ಮನನ್ನು ಎಮ್ಮಿಗನೂರಿನಲ್ಲಿ ನೋಡಿದ್ದೆ. ಜಗಳಗಂಟಿ ಹೆಂಗಸು, ಬಂದವರ ಗುರುತು ಹಿಡಿಯದೆ ಗೋಡೆಗೊರಗಿ ಕುಳಿತಿರುತ್ತಿದ್ದಳು. ನಮ್ಮವ್ವನೂ ಹಾಗಾಗುತ್ತಾಳೆ ಎಂದು ನನಗೆ ಭಯವಾಯಿತು. ತಮ್ಮನ ಭಯವೂ ಸುಳ್ಳಲ್ಲ, ಇನ್ನೊಮ್ಮೆ ಬಿದ್ದರೆ ಅವಳು ಏಳಲಿಕ್ಕಿಲ್ಲ. "ನನ್ನ ಕ್ಲಾಸು ಶುರುವಾಗ್ಲಿ, ಸ್ವಲ್ಪ ತಡಿ" ಎಂದೆ.

"ನೀ ಓದಿ ಪಾಸಾಗೂತನಕ ಅವ್ವ ನಿಂತೇ ಇರ್ಬೇಕೇನು?" ಎಂದ. ನನಗೆ ಮೈಯೆಲ್ಲ ಉರಿದುಹೋಯಿತು. ಫೋನು ಇಟ್ಟುಬಿಟ್ಟೆ. ಅವನು ಸೋಮವಾರಕ್ಕೆ ಡಾಕ್ಟರ ಬಳಿ ಹೆಸರು ಬರೆಸಿದ.

ತರಗತಿ ಶುರುವಾಗುವ ಮುಂಚೆ ಓದಿಕೊಳ್ಳಲೆಂದು ಕಾಲೇಜಿನವರು ಒಂದಷ್ಟು ಪಾಠ ಕಳಿಸಿದ್ದರು. ಪುಸ್ತಕ ಹಿಡಿದು ಎಷ್ಟೋ ವರ್ಷವಾಗಿತ್ತು. ಎರಡು ಸಾಲಿಗೆ ತೂಕಡಿಕೆ, ಮೂರನೇ ಸಾಲಿಗೆ ಸಾರು ಉಕ್ಕಿದ ವಾಸನೆ. ಆದರೂ ಹಲ್ಲು ಕಚ್ಚಿ ಓದಿದೆ. ಯಾರದ್ದಾದರೂ ಒಂದು ವರ್ತನೆಯನ್ನು ಸುಮ್ಮನೆ ಗಮನಿಸಿ, ಮೊದಲು ಏನಾಯಿತು, ಅವರು ಏನು ಮಾಡಿದರು, ಮಾಡಿದ ಮೇಲೆ ಏನಾಯಿತು, ಇಷ್ಟನ್ನು ನೋಡಿ ಎಂದಿತ್ತು. ಫಲ ಸಿಗದ ವರ್ತನೆ ನಿಧಾನಕ್ಕೆ ನಂದಿಹೋಗುತ್ತದೆ ಎಂದೂ ಇತ್ತು. ಆ ಒಂದು ಮಾತು ನನ್ನನ್ನು ಹಿಡಿಯಿತು. ಅವ್ವ ಕರೆದಾಗ ನಾವು ಹೋಗುತ್ತೇವಲ್ಲ, ಅದೇ ಅವಳಿಗೆ ಸಿಗುವ ಫಲ ಎಂದು ತೀರ್ಮಾನಿಸಿದೆ. ಅವಳನ್ನು ಕೇಳಬೇಕೆಂದು ಹೊಳೆಯಲಿಲ್ಲ. ಓದು ಒಕ್ಕಾಲು ಬುದ್ಧಿ ಮುಕ್ಕಾಲು ಅನ್ನುತ್ತಾರೆ, ನನ್ನಲ್ಲಿ ಆಗ ಆ ಒಕ್ಕಾಲೇ ಕುಣಿಯುತ್ತಿತ್ತು.

ಶನಿವಾರ ಕ್ಯಾಮೆರಾ, ಮೈಕು ಸರಿಯಿದೆಯೇ ಎಂದು ನೋಡಲು ಕಾಲೇಜಿನವರು ಒಂದು ಗಂಟೆಗೇ ಕರೆದರು. ಇಸ್ತ್ರಿ ಮಾಡಿದ ಸೀರೆ ಉಟ್ಟು ಕುಳಿತೆ. ಪರದೆಯ ತುಂಬ ಮಗಳ ವಯಸ್ಸಿನ ಮುಖಗಳು. ಅಡುಗೆಮನೆಯಲ್ಲಿ ಪಾತ್ರೆ ಇಳಿಯುವ ಸದ್ದಾಯಿತು. ಅವ್ವ ಬಂದು ರಟ್ಟೆ ಹಿಡಿದು, "ಏಳು, ಜಲ್ದಿ ಏಳು" ಎಂದಳು. ನಾನು ಏಳಲಿಲ್ಲ. ಕೈ ಕೊಡವಿ ಪರದೆ ನೋಡುತ್ತ ಕುಳಿತೆ. ಪಾಠದಲ್ಲಿ ಹಾಗೇ ಇತ್ತಲ್ಲ, ಫಲ ಕೊಡಬಾರದು ಎಂದು. ಅವ್ವ ಚೌಕಟ್ಟಿನ ಕೆಳಗೆ ಒಬ್ಬಳೇ ನಿಂತು ಕರೆದಳು. ಬೈದು ಕರೆದಳು. ಕೊನೆಗೆ ನನ್ನ ಚಿಕ್ಕಂದಿನ ಹೆಸರು ಹಿಡಿದು ಕರೆದಳು. ಪರದೆಯಲ್ಲಿದ್ದ ಮೇಡಂ, "ನಿಮ್ಮನ್ನ ಯಾರೋ ಕರೀತಿದಾರೆ" ಎಂದರು. ನಾನು ಮೈಕು ಬಂದ್ ಮಾಡಿದೆ. ಅವ್ವ ಅವತ್ತು ನಾಲ್ಕು ಗಂಟೆಯವರೆಗೂ ಬಾಗಿಲು ಹಿಡಿದು ಒಬ್ಬಳೇ ನಿಂತಳು. ಇಂಥ ವಿದ್ಯೆ ಬೇಡವೇ ಬೇಡ ಎಂದು ಲ್ಯಾಪ್‌ಟಾಪ್ ಮುಚ್ಚಿ ಬೀರುವಿನಲ್ಲಿಟ್ಟೆ.

ಸೋಮವಾರ ತಮ್ಮ ಬೈಕಿನಲ್ಲಿ ಬಂದ. ನಾನೂ ಶಾಲೆಯಿಂದ ಆಗಷ್ಟೇ ಬಂದಿದ್ದೆ. ಅವ್ವನ ಸೀರೆ, ದವಾಖಾನೆಯ ಹಳೇ ಚೀಟಿಗಳು ಎಲ್ಲ ಚೀಲಕ್ಕೆ ಹಾಕಿದ್ದಾಯಿತು. ನಾನು ಜಗಳವಾಡಲಿಲ್ಲ, ಆಡಲು ಮುಖವಿರಲಿಲ್ಲ. ಅಷ್ಟರಲ್ಲಿ ಅವ್ವ ಒಲೆ ಆರಿಸಿ ಪಾತ್ರೆ ಇಳಿಸತೊಡಗಿದಳು.

"ಸಾಕು ಮಾಡವ್ವ. ದವಾಖಾನಿಗೆ ಹೋಗಣ ನಡಿ" ಎಂದ ತಮ್ಮ.

"ಮೊದ್ಲ ಇಲ್ಲಿ ಬಂದು ನಿಂದ್ರು."

ಅವನು ನನ್ನ ಮುಖ ನೋಡಿದ. ನಾನು ಹೋಗಿ ಅವ್ವನ ಎಡಕ್ಕೆ ನಿಂತೆ. ಗೊಣಗುತ್ತ ಅವನೂ ಬಂದು ಬಲಕ್ಕೆ ನಿಂತ. ಇಬ್ಬರು ಹಿಡಿಯದ ಬಾಗಿಲಲ್ಲಿ ಮೂವರು. ಗದ್ದೆ ಕೆಲಸ ಮಾಡುವ ಮೈ, ಅರ್ಧ ಬಾಗಿಲು ಅವನದೇ ಆಯಿತು. ಸ್ವಲ್ಪ ಹೊತ್ತಿಗೆ ನೋಡುತ್ತೇನೆ, ಮೀಸೆ ನೆರೆತ ನನ್ನ ತಮ್ಮ ತನಗೇ ಗೊತ್ತಿಲ್ಲದೆ ಬಾಯಿ ತೆರೆದು ನಿಂತಿದ್ದಾನೆ. ನನಗೆ ನಗು ಬರಲಿಲ್ಲ, ಅಳು ಬಂತು.

"ಇನ್ನ ಎಷ್ಟೊತ್ತವ್ವ?" ಎಂದು ಕೇಳಿದ.

"ಎರಡ್ನೇದು ಆಗಿಲ್ಲಲ್ಲೋ" ಎಂದಳು ಅವ್ವ.

ಎರಡನೆಯದು! ಊರಲ್ಲಿ ಸೈರನ್ ಎರಡು ಸಲ ಆಗುತ್ತಿದ್ದುದನ್ನು ನಾನು ಮರೆತೇಬಿಟ್ಟಿದ್ದೆ. ಮೊದಲನೆಯದು ಒಳಗೆ ಬನ್ನಿ ಎಂದು, ಎರಡನೆಯದು ಮುಗಿಯಿತು ಎಂದು. ಅಪ್ಪನಿಗೆ ಗಣಿಯಲ್ಲಿ ಕೆಂಪು ಬಾವುಟ ಹಿಡಿದು ದಾರಿ ಕಾಯುವ ಕೆಲಸ. ಎರಡನೆಯದಾದ ಮೇಲೆ ಬಾವುಟ ಸುತ್ತಿಕೊಂಡು, ಓಣಿಯುದ್ದಕ್ಕೂ ಕೂಗುತ್ತ ಊಟಕ್ಕೆ ಬರುತ್ತಿದ್ದ. ಹೆಂಗಸರು ಸೈರನ್ನಿಗಿಂತ ಅವನ ದನಿಯನ್ನೇ ನಂಬುತ್ತಿದ್ದರು. ಅವ್ವ ಶುರು ಮಾಡುವುದನ್ನು ತಡೆಯಲು ನಾವೆಲ್ಲ ಹೆಣಗಿದ್ದೆವು. ಅವಳಿಗೆ ಬೇಕಾಗಿದ್ದದ್ದು ಮುಗಿಯಿತು ಎಂದು ಹೇಳುವ ಒಬ್ಬರು.

ತಮ್ಮನ ಕಿವಿಯಲ್ಲಿ, "ಕೆಳಗ ಹೋಗಿ ಅಪ್ಪ ಕೂಗ್ತಿದ್ದಂಗ ಕೂಗು" ಎಂದೆ. ನಿನಗೂ ತಲೆ ಕೆಟ್ಟಿತೇ ಎಂಬಂತೆ ನೋಡಿದ, ಆದರೆ ಹೋದ. ಆಟೋಗಳ ಗದ್ದಲದ ನಡುವೆ ಮೆಟ್ಟಿಲ ಬುಡದಿಂದ ದನಿ ಬಂತು: "ಆತ್ರೀ, ಹೊರಗ ಬರ್ರಿ." ಅಪ್ಪನದೇ ದನಿ, ಅದೇ ಎಳೆತ. ಅವ್ವನ ಬೆರಳು ನನ್ನ ರಟ್ಟೆಯಿಂದ ಸಡಿಲವಾದವು. ಬಗ್ಗಿ ಹೊಸ್ತಿಲು ಮುಟ್ಟಿ ಕಣ್ಣಿಗೊತ್ತಿಕೊಂಡಳು, ಪಾತ್ರೆಗಳನ್ನು ಮೇಲಿಟ್ಟಳು, ಉಣ್ಣಲು ತಟ್ಟೆ ಹಾಕಿದಳು. ಇನ್ನೂ ಒಂದೂವರೆ ಕೂಡ ಆಗಿರಲಿಲ್ಲ.

ತಮ್ಮ ಊಟಕ್ಕೆ ಕುಳಿತು, "ಡಾಕ್ಟರಿಗೆ ಇವತ್ತು ಬ್ಯಾಡಂತ ಹೇಳ್ತೀನಿ. ದಿನಾ ಫೋನಿನ್ಯಾಗ ನಾನ ಕೂಗ್ತೀನಿ" ಎಂದ. ನಾನು ಗೆದ್ದವಳಂತೆ ಕುಳಿತಿದ್ದೆ. ತರಗತಿ ಶುರುವಾಗುವ ಮೊದಲೇ ಪಾಸಾದ ಹಮ್ಮು. ಬೀರುವಿನಿಂದ ಲ್ಯಾಪ್‌ಟಾಪ್ ತೆಗೆಯಬೇಕು, ಮೇಡಂಗೆ ಇದನ್ನೆಲ್ಲ ಹೇಳಬೇಕು ಎಂದು ಲೆಕ್ಕ ಹಾಕುತ್ತಿದ್ದೆ.

ಅವ್ವ ಅವನ ತಟ್ಟೆಗೆ ಪಲ್ಯ ಬಡಿಸುತ್ತ, "ನನಗ ಹುಚ್ಚು ಹಿಡಿದೈತಂತ ಮಾಡೀರೇನು?" ಎಂದಳು. "ಇಲ್ಲಿ ಗಣಿ ಇಲ್ಲ, ಸೈರನ್ ಇಲ್ಲ. ಗೊತ್ತೈತಿ ನನಗ. ಕೂಗಿದವ ನೀನು ಅನ್ನೂದೂ ಗೊತ್ತೈತಿ."

"ಮತ್ತ್ಯಾಕವ್ವ ನಿಂದ್ರತಿ?" ಎಂದು ಕೇಳಿದೆ. ಇಷ್ಟು ದಿನದಲ್ಲಿ ಅವಳನ್ನು ನಾನು ಕೇಳಿದ್ದು ಅದೇ ಮೊದಲು.

ಅವ್ವ ಸೌಟನ್ನು ಪಾತ್ರೆಗಿಟ್ಟಳು. "ಅಲ್ಲಿ ಕಲ್ಲು ಹಾರೂಕಿಂತ ಮೊದ್ಲ ಹೇಳ್ತಿದ್ರು. ಓಡಿ ಬಂದು ನಿಮ್ಮನ್ನ ಹಿಡ್ಕೊಳ್ಳಾಕ ಹೊತ್ತು ಕೊಡ್ತಿದ್ರು. ಇಲ್ಲಿ ಯಾರೂ ಹೇಳಂಗಿಲ್ಲ, ಅದಕ್ಕ ನಾನ ನಿಮ್ಮನ್ನ ಹಿಡ್ಕೊಂಡು ನಿಂದ್ರತೀನಿ. ನಿಮ್ಮಪ್ಪ ಹೋದ ದಿವಸ ನನಗ ಯಾರು ಹೇಳಿದ್ರು? ರೊಟ್ಟಿ ಬಡೀತಾ ಕುಂತಿದ್ನಲ್ಲ ನಾನು."