ನಾನು ಬರೆಯದ ಮಾತು

ದೆವ್ವ, ಗಾಳಿ ಎಂದವರನ್ನು ಗೇಲಿ ಮಾಡುವುದರಲ್ಲಿ ನಾನು ಎತ್ತಿದ ಕೈ. ಈಗಲೂ ಅವನ್ನೆಲ್ಲ ನಂಬುತ್ತೇನೆ ಎಂದೇನೂ ಹೇಳುತ್ತಿಲ್ಲ. ಆದರೆ ಕಡಬದಲ್ಲಿ ನಡೆದದ್ದನ್ನು ಇಷ್ಟು ವರ್ಷ ಯಾರ ಹತ್ತಿರವೂ ಬಾಯಿಬಿಟ್ಟಿಲ್ಲ. ನಾಚಿಕೆಯಾಗುತ್ತದೆ, ಅದಕ್ಕೆ.

ಆಗ ನಾನು ತುಮಕೂರಿನ ಸದಾಶಿವನಗರದಲ್ಲಿ ಮಕ್ಕಳಿಗೆ ನಾಟಕ ಕಲಿಸುತ್ತಿದ್ದೆ. ಆ ಸಲದ ಬೇಸಿಗೆ ಶಿಬಿರವನ್ನು ಗುಬ್ಬಿ ತಾಲ್ಲೂಕಿನ ಕಡಬದ ಕೆರೆ ಪಕ್ಕದ ತೆಂಗಿನ ತೋಟದಲ್ಲಿ ಇಟ್ಟುಕೊಂಡೆ. ಬಹಳ ಹಿಂದೆ ಅದೇ ತೋಟದಲ್ಲಿ ಬೇರೆ ಯಾರೋ ನಡೆಸಿದ ಶಿಬಿರದಿಂದ ಇಬ್ಬರು ಹುಡುಗರು ಕಾಣೆಯಾಗಿದ್ದರು. ಗುಬ್ಬಿಯಿಂದ ಈಜುಗಾರರು ಬಂದು ಕೆರೆ ಜಾಲಾಡಿದರೂ ಏನೂ ಸಿಕ್ಕಿರಲಿಲ್ಲ. ಅವರಲ್ಲೊಬ್ಬನ ತಾಯಿ ಪುಟ್ಟಮ್ಮ ಊರಲ್ಲೇ ಇದ್ದರು. ಒಳ್ಳೆ ಕಥೆ ಸಿಕ್ಕಿತೆಂದು ಹೆಸರು ಬದಲಾಯಿಸಿ ಅದನ್ನೇ ನಾಟಕ ಮಾಡಿದೆ. ಆ ತಾಯಿಯನ್ನು ಒಂದು ಮಾತು ಕೇಳಬೇಕೆಂದು ನನಗೆ ಹೊಳೆಯಲೇ ಇಲ್ಲ.

ಕೊನೆಯ ದಿನ ಸಂಜೆ ನಾಟಕ. ಊರವರ ಜೊತೆ ಪುಟ್ಟಮ್ಮನೂ ಬಂದು ಮುಂದೆಯೇ ಕೂತರು. ಕಾಣೆಯಾಗುವ ಹುಡುಗರಲ್ಲೊಬ್ಬನ ಪಾತ್ರ ಮಾಡಿದವನು ಕುಣಿಗಲಿನವನು. ಅವನು ಮಾತಿಲ್ಲದೆ ಕೆರೆಯ ಕಡೆ ನಡೆದು ಹೋಗಬೇಕು, ಅಷ್ಟೇ. ಅರ್ಧದಲ್ಲಿ ನಿಂತುಬಿಟ್ಟ. ಆಗ ಕೇಳಿಸಿತು:

"ಅವ್ವಾ, ನೀನು ಕೆಂಪು ದಾರದಲ್ಲಿ ಹೊಲ್ದಿದ್ದ ಗುಂಡಿ ಕಿತ್ತೋಯ್ತು. ಬೈಬ್ಯಾಡ ಕಣವ್ವ."

ಜನ ಜೋರಾಗಿ ಚಪ್ಪಾಳೆ ತಟ್ಟಿದರು. ಪುಟ್ಟಮ್ಮ ಎದ್ದು ನೇರ ನನ್ನ ಹತ್ತಿರ ಬಂದರು.

"ಗುಂಡಿ ವಿಷ್ಯ ನಿಮಗ್ಯಾರು ಹೇಳಿದ್ರು ಮೇಷ್ಟ್ರೇ? ಆವತ್ತು ಬೆಳಿಗ್ಗೆ ಹೊಲ್ದು, ಇದ್ನೂ ಕಿತ್ಕಂಡು ಬಂದ್ರೆ ಮನೆಗೆ ಸೇರ್ಸಲ್ಲ ಅಂದಿದ್ದೆ. ಯಾರ್ಗೂ ಹೇಳಿಲ್ಲ ನಾನು."

ಎಲ್ಲರೂ ನನ್ನನ್ನೇ ನೋಡುತ್ತಿದ್ದರು. ಇಡೀ ನಾಟಕದಲ್ಲಿ ಚಪ್ಪಾಳೆ ಗಿಟ್ಟಿಸಿದ ಒಂದೇ ಮಾತು ನನ್ನದಲ್ಲ ಎನ್ನಲು ಬಾಯಿ ಬರಲಿಲ್ಲ.

"ನಾನೇ ಬರ್ದಿದ್ದು ಕಣಮ್ಮ. ನಾಟಕ ಅಲ್ವಾ" ಅಂದೆ.

"ಬರ್ದಿದ್ದಾ..." ಎನ್ನುತ್ತಾ ಅವರು ಹೋಗಿ ಕೂತರು.

ಆಮೇಲೆ ಹುಡುಗನನ್ನು ಕೇಳಿದೆ. "ನಾನೇನೂ ಅನ್ಲಿಲ್ಲ ಸಾರ್. ಯಾರೋ ಕೂಗ್ದಂಗಾಯ್ತು, ನಿಂತ್ಕೊಂಡೆ" ಅಂದ. ಆವತ್ತು ಮೊಬೈಲಿನಲ್ಲಿ ತೆಗೆದಿದ್ದ ನಾಟಕದ ವಿಡಿಯೊವನ್ನು ಎಷ್ಟೋ ಸಲ ನೋಡಿದ್ದೇನೆ. ಮಾತು ಸ್ಪಷ್ಟವಾಗಿ ಕೇಳುತ್ತದೆ. ಹುಡುಗ ಕೆರೆಯ ಕಡೆ ಮುಖ ಮಾಡಿ ನಿಂತಿದ್ದಾನೆ, ಬಾಯಿ ಕಾಣುವುದಿಲ್ಲ. ಅವನೇ ಹೇಳಿ ಮರೆತಿರಬಹುದು. ಆದರೆ ಕುಣಿಗಲಿನ ಹುಡುಗನಿಗೆ ಆ ಗುಂಡಿಯ ವಿಷಯ ಹೇಗೆ ಗೊತ್ತು? ನನಗೆ ಇವತ್ತಿಗೂ ತಿಳಿದಿಲ್ಲ.

ನಿಜ ಹೇಳಿಬಿಡೋಣವೆಂದು ಹೋದ ತಿಂಗಳು ಕಡಬಕ್ಕೆ ಹೋಗಿದ್ದೆ. ಪುಟ್ಟಮ್ಮ ನೋಡಿದ ಕೂಡಲೇ ಗುರುತು ಹಿಡಿದು, ಒಳಗೆ ಕೂರಿಸಿ, ಮುದ್ದೆ ಬಡಿಸಿದರು.

"ನಾನು ಬೈದಿದ್ಕೇ ಬರ್ಲಿಲ್ವೇನೋ ಅನ್ನೋ ಕೊರಗು ಹಂಗೇ ಐತೆ ಮೇಷ್ಟ್ರೇ. ಆವತ್ತು ಒಂದ್ ಗಳಿಗೆ ನಮ್ಮುಡ್ಗನೇ ಬಂದು ಮಾತಾಡ್ದ ಅನ್ಕಂಡಿದ್ದೆ. ಎಷ್ಟ್ ಚೆಂದಾಗ್ ಬರೀತೀರ ನೀವು."

ನಾನು ತಲೆ ತಗ್ಗಿಸಿ ಮುದ್ದೆ ಮುರಿದೆ. ಅವರು ಇನ್ನೊಂದು ಸೌಟು ಸಾರು ಬಿಟ್ಟರು. ಊಟ ಮುಗಿಸಿ, ಕೈ ತೊಳೆದು, ತುಮಕೂರಿನ ಬಸ್ಸು ಹತ್ತಿದೆ.