ಆಯುಧಗಳ ಸಾಲಿನಲ್ಲಿಟ್ಟ ಗಿಟಾರು

ಗಿಟಾರು ನನ್ನ ಕೈಗೆ ಬಂದದ್ದು ಅಪ್ಪನಿಂದ. ಎರಡನೇ ಮಹಾಯುದ್ಧದ ಕಾಲದಲ್ಲಿ ಅವರು ಬಳ್ಳಾರಿಯ ಇಟಲಿ ಕೈದಿಗಳ ಕ್ಯಾಂಪಿನಲ್ಲಿ ಕಂಪೌಂಡರ್ ಆಗಿದ್ದರು. ಜ್ವರದಿಂದ ಎದ್ದ ಕೈದಿಯೊಬ್ಬ ಅವರಿಗೆ ನುಡಿಸಲು ಕಲಿಸಿದ. ತನ್ನ ದೇಶಕ್ಕೆ ಹೊರಡುವಾಗ ವಾದ್ಯವನ್ನೂ ಕೊಟ್ಟುಹೋದ. ಅಪ್ಪ ನನಗೆ ಕಲಿಸಿದರು, ಮರುವರ್ಷವೇ ತೀರಿಕೊಂಡರು. ಅವರದೆಂದು ಮನೆಯಲ್ಲಿ ಉಳಿದದ್ದು ಒಂದು ಕನ್ನಡಕ ಮತ್ತು ಈ ಗಿಟಾರು.

ಆಮೇಲೆ ನಾನು ಬಳ್ಳಾರಿಯ ಒಂದು ಹೆಣ್ಣುಮಕ್ಕಳ ಶಾಲೆಯಲ್ಲಿ ಟೀಚರಾದೆ. ಶನಿವಾರ ಪಾಠ ಮುಗಿದ ಮೇಲೆ ಮೂರನೇ ಫಾರಂ ಕೋಣೆಯಲ್ಲಿ ಗಿಟಾರು ಕಲಿಸುತ್ತೇನೆಂದಾಗ ಹೆಡ್‌ಮಿಸ್ಟ್ರೆಸ್ ಹುಬ್ಬೇರಿಸಿದರು, ಆದರೆ ಬೇಡವೆನ್ನಲಿಲ್ಲ. ಒಂಬತ್ತು ಹುಡುಗಿಯರು, ಒಂದೇ ಗಿಟಾರು. ಮೊಳದುದ್ದದ ಹಲಗೆಗಳ ಎರಡೂ ತುದಿಗೆ ಮೊಳೆ ಹೊಡೆಸಿ, ಗೋಣಿಚೀಲ ಹೊಲಿಯುವ ಹುರಿಯನ್ನು ಆರು ಸಾಲು ಬಿಗಿದು ಒಬ್ಬೊಬ್ಬಳಿಗೆ ಒಂದೊಂದು ಕೊಟ್ಟೆ. ಸದ್ದಿಲ್ಲದ ಆ ಹಲಗೆಯ ಮೇಲೆ ಬೆರಳು ಪಳಗಿದವಳಿಗೆ ಮಾತ್ರ ಗಿಟಾರು. ತಂತಿಗಳಿಗೆ ಇಂಗ್ಲಿಷ್ ಅಕ್ಷರದ ಹೆಸರು ಹೇಳಿದರೆ ಪಿಳಿಪಿಳಿ ನೋಡುತ್ತಿದ್ದರು. ದಪ್ಪದ್ದರಿಂದ ಹಿಡಿದು ಅಜ್ಜ, ಅಜ್ಜಿ, ಅಪ್ಪ, ಅವ್ವ, ಅಕ್ಕ, ಕೂಸು ಎಂದು ಕರೆದೆ. ‘ಅವ್ವನ್ನ ಒತ್ತಿ ಹಿಡಿ, ಕೂಸನ್ನ ಮೀಟು’ ಎಂದರೆ ಕೋಣೆಗೆ ಕೋಣೆಯೇ ನಗುತ್ತಿತ್ತು. ಅಷ್ಟು ನಗು ಕೇಳಿದ ದಿನಗಳು ನನ್ನ ಬದುಕಿನಲ್ಲಿ ಹೆಚ್ಚಿಲ್ಲ.

ಅವರಲ್ಲಿ ಕುರುಗೋಡಿನ ಹುಡುಗಿಯೊಬ್ಬಳಿದ್ದಳು. ಬಳ್ಳಾರಿಯ ಸೋದರತ್ತೆಯ ಮನೆಯಲ್ಲಿದ್ದುಕೊಂಡು ಓದುತ್ತಿದ್ದಳು. ಉಳಿದವರು ಬೆರಳ ತುದಿ ಉರಿಯುತ್ತದೆಂದು ಗೋಳಾಡಿದರೆ ಇವಳು ಊದಿಕೊಂಡು ಮತ್ತೆ ಒತ್ತುತ್ತಿದ್ದಳು. ಒಂದು ಶನಿವಾರ ಅವಳ ತೊಡೆಯ ಮೇಲೆ ಗಿಟಾರಿಟ್ಟೆ. ನಾನು ಕಲಿಸಿದ್ದನ್ನು ಬಿಟ್ಟು ಬೇರೇನನ್ನೋ ನುಡಿಸಿದಳು. ಬೀಸುವ ಕಲ್ಲಿನ ಪದದ ಧಾಟಿ.

‘ಯಾರು ಕಲಿಸಿದ್ರು ಇದನ್ನ?’ ಎಂದೆ.

‘ಯಾರೂ ಇಲ್ರಿ ಅಕ್ಕಾರ. ನಮ್ಮವ್ವ ಬೀಸುವಾಗ ಹಾಡ್ತಿದ್ಲು. ಹಲಗಿ ಮ್ಯಾಲ ಹುಡುಕಿಟ್ಟಿದ್ದೆ.’

ಅವ್ವ ತೀರಿಹೋಗಿ ಎರಡು ವರ್ಷವಾಗಿತ್ತಂತೆ. ಸದ್ದೇ ಇಲ್ಲದ ಹುರಿಯ ಮೇಲೆ ಅವಳು ಸತ್ತ ತಾಯಿಯ ಹಾಡು ಹುಡುಕಿದ್ದಳು.

ದಸರೆಗೆ ಹದಿನೈದು ದಿನವಿದ್ದಾಗ ಅವಳ ಅಪ್ಪ ಶಾಲೆಗೆ ಬಂದರು. ಒಕ್ಕಲುತನದವರು, ಬಾಗಿಲಾಚೆಯೇ ನಿಂತು ಮಾತಾಡಿದರು. ‘ದೊಡ್ಡಾಕಿ ಆದ್ಲು. ರಜಾಕ್ಕ ಮನಿಗೆ ಬಂದ್ಲಂದ್ರ ಮತ್ತ ಸಾಲಿಗೆ ಬರಾಂಗಿಲ್ರಿ.’ ಹುಡುಗಿ ಅಂದು ಸಂಜೆ ನನ್ನ ಮೇಜಿನ ಪಕ್ಕದಲ್ಲಿ ನಿಂತು ಅತ್ತಳು. ಬುದ್ಧಿವಾದ ಹೇಳುವುದು ಬಿಟ್ಟು ನಾನು ಗಿಟಾರನ್ನೇ ಅವಳ ಕೈಗಿಟ್ಟೆ. ‘ಅಪ್ಪನ ಮುಂದ ಅವ್ವನ ಪದ ನುಡಿಸು. ಮನಸ್ಸು ಕರಗಿದ್ರ ಕರಗಲಿ’ ಎಂದೆ. ಅವಳ ಮುಂದಿನ ಓದೆಲ್ಲ ಆ ಒಂದು ಧಾಟಿಯ ಮೇಲೆ ನಿಂತಿತ್ತು. ರಜೆ ಶುರುವಾದ ದಿನ ಅವಳನ್ನೂ ಗಿಟಾರನ್ನೂ ಅವಳ ಅಪ್ಪ ಬಂಡಿಯಲ್ಲಿ ಕರೆದೊಯ್ದರು.

ರಜೆ ಮುಗಿದ ದಿನ ಅವಳು ಬಂದಳು! ಗಿಟಾರನ್ನು ಹೊಸ ಬಟ್ಟೆಯಲ್ಲಿ ಸುತ್ತಿ ತಂದಿದ್ದಳು. ನಾನು ಅವಸರದಿಂದ ಬಿಚ್ಚಿದೆ. ಮೈಮೇಲೆ ವಿಭೂತಿಯ ಮೂರು ಪಟ್ಟೆ, ನಡುವೆ ಕುಂಕುಮ, ಕುತ್ತಿಗೆಗೆ ಬಾಡಿದ ಚೆಂಡುಹೂ. ಹೊಟ್ಟೆಯ ಹಲಗೆ ಅಂಟು ಬಿಟ್ಟು, ಸೊಟ್ಟಗಾಗಿ ಬಾಯ್ದೆರೆದಿತ್ತು.

ಆಯುಧಪೂಜೆಗೆ ನೇಗಿಲು, ಕುಂಟೆ, ಕುಡುಗೋಲುಗಳ ಜೊತೆ ಇದನ್ನೂ ಬಾವಿಕಟ್ಟೆಗೆ ಒಯ್ದು, ಕೊಡಗಟ್ಟಲೆ ನೀರು ಹೊಯ್ದು, ಒಳಗೂ ಕೈಹಾಕಿ ತೊಳೆದು, ಮಾಳಿಗೆಯ ಮೇಲೆ ಬಿಸಿಲಿಗೆ ಒಣಹಾಕಿದ್ದರಂತೆ.

‘ಅಕ್ಕಾರ, ನಮ್ಮಪ್ಪ...’ ಎಂದು ಅವಳು ಏನೋ ಹೇಳಹೊರಟಳು. ನನಗೆ ಕಂಡದ್ದು ನನ್ನ ಅಪ್ಪನ ಒಡೆದ ಗಿಟಾರು ಮಾತ್ರ. ಮೂಗಿನ ತುದಿಯಲ್ಲೇ ಸಿಟ್ಟಿಟ್ಟುಕೊಂಡವಳು ನಾನು.

‘ಎತ್ತು ತೊಳಿಯೋ ಮಂದಿ ಕೈಗೆ ಇದನ್ನ ಕೊಟ್ಟದ್ದೇ ನನ್ನ ತಪ್ಪು. ಇನ್ನೊಮ್ಮೆ ಮುಟ್ಟಿಗಿಟ್ಟೀಯ!’ ಎಂದೆ. ಎಲ್ಲರೆದುರು ಎಂದೆ.

ಅವಳು ಅಳಲಿಲ್ಲ. ತನ್ನ ಜಾಗಕ್ಕೆ ಹೋಗಿ ಗಂಟೆ ಬಾರಿಸುವವರೆಗೂ ತನ್ನ ಹುರಿ ಕಟ್ಟಿದ ಹಲಗೆಯನ್ನು ಅವುಚಿಕೊಂಡು ಕೂತಿದ್ದಳು. ಮರುದಿನದಿಂದ ಬರಲಿಲ್ಲ. ಬಜಾರಿನ ಬಡಿಗನೊಬ್ಬ ನಾಲ್ಕೇ ದಿನದಲ್ಲಿ ಅಂಟು ಹಾಕಿ ಬಿಗಿದು ಗಿಟಾರನ್ನು ಸರಿಮಾಡಿಕೊಟ್ಟ; ದನಿ ತುಸು ಮಂಕಾಯಿತು, ಅಷ್ಟೇ. ಹುಡುಗಿ ಬಾರದಿದ್ದುದಕ್ಕೆ ನಾನು ಅವಳ ಅಪ್ಪನನ್ನು ದೂರಿದೆ. ನೋಡಿ, ಕೊನೆಗೂ ತನ್ನ ಹಟವನ್ನೇ ಸಾಧಿಸಿದ ಎಂದು ಸಹೋದ್ಯೋಗಿಗಳ ಮುಂದೆ ಆಡಿಕೊಂಡೆ. ಹಾಗೆ ನಂಬುವುದು ನನಗೆ ಅನುಕೂಲವೂ ಆಗಿತ್ತು.

ನಾಲ್ಕು ವರ್ಷದ ಮೇಲೆ ನನಗೆ ಸಿರುಗುಪ್ಪಕ್ಕೆ ವರ್ಗವಾಯಿತು. ಒಂದು ಮಧ್ಯಾಹ್ನ ಬಳ್ಳಾರಿ ಬಸ್ಸಿಗೆಂದು ಬೇವಿನ ಮರದಡಿ ನಿಂತಿದ್ದೆ. ಒಬ್ಬರು ರುಮಾಲು ಸರಿಮಾಡಿಕೊಂಡು ಹತ್ತಿರ ಬಂದು ಕೈಮುಗಿದರು. ಅವಳ ಅಪ್ಪ.

‘ಮಗಳನ್ನ ಇಲ್ಲೇ ರಾರಾವಿ ಊರಿಗೆ ಕೊಟ್ಟೀನ್ರಿ. ನೋಡಿಕೊಂಡು ಬರಾಕ ಹೋಗಿದ್ದೆ.’ ಆಮೇಲೆ ದನಿ ತಗ್ಗಿಸಿದರು. ‘ನಿಮ್ಮ ತಂಬೂರಿ ನಾನ ಕೆಡಿಸಿದೆ. ತಪ್ಪಾತು ಅಂತ ಹೇಳಾಕ ಅವಾಗ ಮಕ ಇರಲಿಲ್ರಿ.’

‘ಅದು ಸರಿಹೋತು ಬಿಡ್ರಿ’ ಎಂದೆ.

‘ನವಮಿ ಹಿಂದಿನ ದಿನ ಆಕಿ ತಮ್ಮವ್ವನ ಪದ ಬಾರಿಸಿದ್ಲ್ರಿ. ನಾನು ಪಡಸಾಲ್ಯಾಗ ಕುಂತು ಅತ್ತೆ. ಸಾಲಿಗೆ ಹೋಗವ್ವಾ, ಎಷ್ಟರ ಓದು ಅಂದೆ. ನನಗ ನೇಗಿಲ ಹೆಂಗೋ, ನನ್ನ ಮಗಳಿಗೆ ಇದು ಹಂಗ ಅಂತ ತಿಳದು, ಮರುದಿನ ಆಯುಧದ ಸಾಲಿನಾಗ ಇಟ್ಟು ಪೂಜಿ ಮಾಡಿದೆ.’

ಅಂದು ‘ನಮ್ಮಪ್ಪ’ ಎಂದು ಅವಳು ಹೇಳಹೊರಟದ್ದು ಇದನ್ನೇ.

‘ಆದ್ರ ಒಂದ ದಿನ ಸಾಲಿಗೆ ಹೋಗಿ ಬಂದಾಕಿ, ಒಲ್ಲೆ ಅಂದ್ಲು. ಕೈ ಮುಗದು ಕೇಳಿದ್ರೂ ಒಲ್ಲೆ ಅಂದ್ಲು. ಆ ಹುರಿ ಕಟ್ಟಿದ ಹಲಗಿ ಗಂಡನ ಮನಿಗೂ ಒಯ್ದಾಳ್ರಿ. ಕೂಸಿಗೆ ಹಾಲು ಕುಡಿಸ್ಕೋತ ಅದರ ಮ್ಯಾಲ ಬೆರಳಾಡಿಸ್ತಾಳ.’ ಅವರು ನನ್ನ ಮುಖವನ್ನೇ ನೋಡಿದರು. ‘ಯಾಕ ಬಿಟ್ಲು ಅಂತ ಇವತ್ತಿಗೂ ನನಗ ಹೇಳಿಲ್ಲ. ನಿಮಗೇನರ ಗೊತ್ತೈತೇನ್ರಿ ಅಕ್ಕಾರ?’

ಧೂಳೆಬ್ಬಿಸುತ್ತ ಬಸ್ಸು ಬಂದು ನಿಂತಿತು.

‘ಗೊತ್ತಿಲ್ರಿ’ ಎಂದೆ.

ನನ್ನ ಚೀಲವನ್ನು ಅವರೇ ಎತ್ತಿ ಬಸ್ಸಿನೊಳಗಿಟ್ಟು, ಕಿಟಕಿಯ ಹತ್ತಿರ ಬಂದು ಇನ್ನೊಮ್ಮೆ ಕೈಮುಗಿದರು.